ಅಕ್ಷರದ ಅಚ್ಚು, ಹಂಚಿನ ಅಚ್ಚು

ಮೇ ತಿಂಗಳ ಕೊನೆಗೆ ಮಾಡಿನ ಹಂಚು ಕೈಯಾಡಿಸುವಾಗ ಒಡೆದದ್ದೊಂದನ್ನು ಕೆಳಗಿಳಿಸಿ ಅಂಗಳದ ಬದಿಗಿಟ್ಟಿದ್ದರು. ಮಗುಚಿ ನೋಡಿದೆ. ಮೇಲ್ಬದಿಯಲ್ಲಿ ಎಷ್ಟೋ ಮಳೆಗಾಲದ ಪಾಚಿ ಕಪ್ಪಗೆ ಕಟ್ಟಿಕೊಂಡಿತ್ತು. ಅಡಿಬದಿ ಮಾತ್ರ ನಿನ್ನೆ ಗೂಡಿನಿಂದ ತೆಗೆದಷ್ಟು ಕೆಂಪು. ರೀಪಿಗೆ ಸಿಕ್ಕಿಸುವ ಗುಬ್ಬಿಗಳು, ಪಕ್ಕದ ಹಂಚನ್ನು ಕಚ್ಚಿ ಹಿಡಿಯುವ ಗೀರುಗಾಲುವೆ, ಅವುಗಳ ನಡುವೆ ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್, ಮಂಗಳೂರು, 1865. ಹಂಚು ಆ ವರ್ಷದ್ದಲ್ಲ. ಅದು ಕಾರ್ಖಾನೆ ಹುಟ್ಟಿದ ವರ್ಷ. ಮುಂದೆ ಎಷ್ಟೋ ಕಾಲ ಅಚ್ಚಿನಲ್ಲಿ ಅದೇ ಉಳಿಯಿತು. ಹಳೆ ಮನೆ ಕೆಡವಿ ಸಾಮಾನು ಮಾರುವವರು ಈ ವಿಷಯ ಹೇಳುವುದಿಲ್ಲ.

ಮನೆಯ ನೆತ್ತಿಯ ಮೇಲೆ ಧರ್ಮಪ್ರಚಾರದ ಸಂಸ್ಥೆಯೊಂದರ ಹೆಸರು ಇರುವುದು ಯೋಚಿಸಿದರೆ ವಿಚಿತ್ರವೇ. ಕರಾವಳಿಯವರಿಗೆ ಅಭ್ಯಾಸವಾಗಿ ಹೋಗಿದೆ. ಎಷ್ಟೋ ದೇವಸ್ಥಾನದ ಸುತ್ತುಪೌಳಿ, ಮಸೀದಿಯ ಜಗಲಿ, ಸರಕಾರಿ ಶಾಲೆ, ಗೋದಾಮು ಇವುಗಳ ಮೇಲೆಲ್ಲ ಆ ಅಕ್ಷರಗಳು ಬೋರಲು ಮಲಗಿವೆ. ಕೆಳಗೆ ಕುಳಿತವರು ತಲೆ ಎತ್ತಿ ಓದಿದ್ದು ಕಡಿಮೆ.

ಬಾಸೆಲ್ ಮಿಶನ್ ಬಗ್ಗೆ ಸ್ಮರಣ ಸಂಚಿಕೆಗೆ ಬರೆಯುವವರು ಸಾಮಾನ್ಯವಾಗಿ ಒಂದು ಪಟ್ಟಿ ಕೊಡುತ್ತಾರೆ: ಕನ್ನಡದ ಮೊದಲ ಪತ್ರಿಕೆ, ನಿಘಂಟು, ಶಾಲೆ, ಹಂಚು. ಪಟ್ಟಿ ಸುಳ್ಳಲ್ಲ. ಆದರೆ ಓದಿದರೆ ಆ ಜನ ಕನ್ನಡದ ಸೇವೆಗೆಂದೇ ಹಡಗು ಹತ್ತಿ ಬಂದರೇನೋ ಅನಿಸುತ್ತದೆ. ಅವರು ಬಂದದ್ದು ಸುವಾರ್ತೆ ಸಾರಲಿಕ್ಕೆ. ಕಿಟ್ಟೆಲರ ನಿಘಂಟನ್ನು ತಲೆಯ ಮೇಲಿಟ್ಟುಕೊಳ್ಳುವ ನಾವು, ಅವರ ನಂಬಿಕೆಯ ಮಾತು ಬಂದೊಡನೆ ಗಂಟಲು ಸರಿಮಾಡಿಕೊಂಡು ಬೇರೆ ವಿಷಯ ಎತ್ತುತ್ತೇವೆ. ಆ ನಂಬಿಕೆಯನ್ನು ಬದಿಗೆ ಸರಿಸಿದರೆ ಮುದ್ರಣಾಲಯ ಯಾಕೆ ಹುಟ್ಟಿತೆಂದು ತಿಳಿಯುವುದಿಲ್ಲ, ಹಂಚು ಯಾಕೆ ಹುಟ್ಟಿತೆಂದೂ ತಿಳಿಯುವುದಿಲ್ಲ.

ಬಾಸೆಲ್ ಇರುವುದು ರೈನ್ ನದಿಯ ಮೊಣಕೈ ತಿರುವಿನಲ್ಲಿ. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಸೇರುವ ಮೂಲೆ. ಅಚ್ಚುಕೂಟಗಳ ಊರು. ಸಾವಿರ ವರ್ಷ ಪಶ್ಚಿಮದ ಸಭೆಯ ವೇದಪುಸ್ತಕ ಲ್ಯಾಟಿನ್ನಿನಲ್ಲಿತ್ತು. ಅದನ್ನು ಓದುವವರು ಪಾದ್ರಿಗಳು, ಮಠದವರು. ಉಳಿದವರಿಗೆ ಗೋಡೆಯ ಚಿತ್ರ, ಬಣ್ಣದ ಗಾಜು, ಗಂಟೆಯ ಸದ್ದು. 1516ರಲ್ಲಿ ಎರಾಸ್ಮಸ್ ಸಂಪಾದಿಸಿದ ಗ್ರೀಕ್ ಹೊಸ ಒಡಂಬಡಿಕೆ ಅಚ್ಚಾದದ್ದು ಬಾಸೆಲಿನ ಫ್ರೋಬೆನ್ ಎಂಬ ಮುದ್ರಕನಲ್ಲಿ. ಅದನ್ನು ಮುಂದಿಟ್ಟುಕೊಂಡು ಲೂಥರ್ 1522ರಲ್ಲಿ ಜರ್ಮನ್ ಅನುವಾದ ಹೊರತಂದ. ಅದೇ ವರ್ಷ ಬಾಸೆಲಿನ ಆದಾಂ ಪೇಟ್ರಿ ಎಂಬಾತ ಅದನ್ನು ಮರುಮುದ್ರಿಸಿದ. ಆಗ ಒಂದು ಪೇಚು ಎದುರಾಯಿತು. ಲೂಥರನ ಜರ್ಮನ್ ಬಾಸೆಲಿನ ಜನಕ್ಕೆ ಅಲ್ಲಲ್ಲಿ ತಿಳಿಯುತ್ತಿರಲಿಲ್ಲ, ನಮ್ಮ ಕುಂದಾಪುರದ ಮಾತು ಧಾರವಾಡದಲ್ಲಿ ತಡವರಿಸುವ ಹಾಗೆ. ಪೇಟ್ರಿ 1523ರ ಮುದ್ರಣಕ್ಕೆ ಕಠಿಣ ಶಬ್ದಗಳ ಪುಟ್ಟ ಅರ್ಥಕೋಶವನ್ನೇ ಸೇರಿಸಿಬಿಟ್ಟ. ದೇವರ ಮಾತು ತಿಳಿಯಬೇಕಾದರೆ ಮೊದಲು ಮಂದಿಯ ಮಾತಿಗೆ ಕೋಶ ಬೇಕು ಎಂಬ ಬುದ್ಧಿ ಆ ಊರಿಗೆ ಹೊಸದಲ್ಲ.

1815ರಲ್ಲಿ ಅಲ್ಲಿ ಮಿಶನ್ ಸಂಸ್ಥೆ ಕಟ್ಟಿದವರು ಪಯಟಿಸ್ಟರು, ಅಂದರೆ ದೈವಭಕ್ತಿಯನ್ನು ಚರ್ಚಿನ ಪೀಠದಿಂದ ಮನೆಯ ಒಳಕೋಣೆಗೆ ತಂದ ಪಂಥದವರು. ಹುಟ್ಟಿನಿಂದ ಯಾರೂ ಕ್ರೈಸ್ತರಾಗುವುದಿಲ್ಲ, ಎದೆ ತಿರುಗಬೇಕು ಎಂಬುದು ಅವರ ಮೂಲಮಂತ್ರ. ನಾಲ್ಕು ಜನ ಸೇರಿ ಸತ್ಯವೇದ ಓದಬೇಕು, ತನ್ನ ಮನಸ್ಸಾಕ್ಷಿಯ ಲೆಕ್ಕ ದಿನವೂ ತಾನೇ ಬರೆಯಬೇಕು, ಬೆವರು ಹರಿಸಿ ದುಡಿಯುವುದೂ ಆರಾಧನೆಯೇ. ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನ ಹಳ್ಳಿಗಳಿಂದ ಬಂದ ಮಿಶನರಿಗಳಲ್ಲಿ ಹೆಚ್ಚಿನವರು ರೈತರ, ಕಸುಬುದಾರರ ಮಕ್ಕಳು. ವಿಶ್ವವಿದ್ಯಾಲಯ ಕಂಡವರು ಕೆಲವರೇ. ಶಿಸ್ತು ಮಾತ್ರ ಬಿಗಿ: ಮದುವೆಗೂ ಬಾಸೆಲಿನ ಸಮಿತಿಯ ಅಪ್ಪಣೆ ಬೇಕು. ಬ್ರಹ್ಮಚಾರಿಗಳಾಗಿ ಬಂದು, ಕೆಲವು ವರ್ಷ ಕಳೆದ ಮೇಲೆ ಹಡಗಿನಲ್ಲಿ ಬರುವ ವಧುವಿಗಾಗಿ ಬಂದರಿನಲ್ಲಿ ಕಾದು ನಿಂತವರ ಕಥೆಗಳೇ ಒಂದು ಪುಸ್ತಕವಾದೀತು.

1833ರ ಸನದಿನಿಂದ ಕಂಪನಿ ಸರಕಾರದ ಸೀಮೆಯಲ್ಲಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ ಸಾಮುವೆಲ್ ಹೆಬಿಕ್, ಯೋಹಾನ್ ಲೇಹ್ನರ್, ಕ್ರಿಸ್ತಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, ತಿಂಗಳ ಕೊನೆಗೆ ಮಂಗಳೂರು ಮುಟ್ಟಿದರು. ಕ್ರಿಸ್ತನ ಹೆಸರು ಊರಿಗೆ ಹೊಸದಾಗಿರಲಿಲ್ಲ. ಕೊಂಕಣಿ ಕಥೋಲಿಕರು ಆಗಲೇ ಇಲ್ಲಿ ಬೇರುಬಿಟ್ಟಿದ್ದರು. 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದದ್ದನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಬದುಕಿದ್ದಿರಬೇಕು. ಹೊಸಬರದು ಬೇರೆಯೇ ದಾರಿ. ಹೆಬಿಕ್ ನೀಳ ಗಡ್ಡ ಬಿಟ್ಟುಕೊಂಡು ಜಾತ್ರೆಗಳ ನಡುವೆ ನಿಂತು ಉಪದೇಶ ಮಾಡುತ್ತಿದ್ದ, ಕಲ್ಲು ಮಣ್ಣು ಬಿದ್ದರೂ ಜಾಗ ಬಿಡುತ್ತಿರಲಿಲ್ಲ. ಮುಂದೆ ಕಣ್ಣೂರಿಗೆ ಹೋಗಿ ಅಲ್ಲಿಯೇ ನೆಲೆ ನಿಂತ. ಜಾತ್ರೆಯ ಉಪದೇಶದಿಂದ ಎಷ್ಟು ಎದೆ ತಿರುಗಿದವೋ, ಹೆಚ್ಚೇನೂ ಇಲ್ಲ.

ಊರನ್ನು ತಿರುಗಿಸಿದವನು 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್. ಓದಿದವನು, ಕಲಿಸುವ ಹುಚ್ಚಿನವನು. ಬಲ್ಮಠದ ಗುಡ್ಡ ಮಿಶನಿನ ಕೈಗೆ ಬಂದ ಮೇಲೆ ಅಲ್ಲಿ ಹುಡುಗರನ್ನು ಇಟ್ಟುಕೊಂಡು ಪಾಠ ಶುರುಮಾಡಿದ. ಪಾಠಕ್ಕೆ ಪುಸ್ತಕ ಬೇಕು. ಬಳ್ಳಾರಿಯಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಆಗಲೇ ಸತ್ಯವೇದವನ್ನು ಕನ್ನಡಕ್ಕೆ ತಂದಿದ್ದರು. ಮಂಗಳೂರಿಗೆ ತುಳುವಿನಲ್ಲಿ ಬೇಕಿತ್ತು, ಮಕ್ಕಳಿಗೆ ಓದುವ ಪುಸ್ತಕ ಬೇಕಿತ್ತು, ಹಾಡಿನ ಪುಸ್ತಕ ಬೇಕಿತ್ತು. 1841ರಲ್ಲಿ ಕಲ್ಲಚ್ಚಿನ ಯಂತ್ರ ಬಂತು. ತುಳುವಿನಲ್ಲಿ ಮತ್ತಾಯನ ಸುವಾರ್ತೆ ಮರುವರ್ಷವೇ ಹೊರಬಿತ್ತು.

ಕಲ್ಲಚ್ಚೆಂದರೆ ಹೀಗೆ: ನುಣುಪು ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡುಮಸಿಯ ಬರಹ ಮೂಡಿಸಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು, ಮಸಿಯ ಉರುಳೆ ಆಡಿಸಬೇಕು. ನೀರು ಹಿಡಿದ ಜಾಗ ಮಸಿ ಹಿಡಿಯುವುದಿಲ್ಲ, ಜಿಡ್ಡು ಹಿಡಿದ ಜಾಗ ಹಿಡಿಯುತ್ತದೆ. ಮೊಳೆ ಜೋಡಿಸುವ ರಗಳೆ ಇಲ್ಲ. ಬರೆಯುವವನ ಕೈಬರಹ ಹೇಗಿದೆಯೋ ಹಾಗೆಯೇ ಓದುವವನ ಕೈಗೆ. 1843ರ ಜುಲೈ 1ರಂದು ಹೊರಟ ‘ಮಂಗಳೂರು ಸಮಾಚಾರ’ ಇಂಥ ಕಲ್ಲಿನಿಂದಲೇ ಎದ್ದದ್ದು. ಪಾಕ್ಷಿಕ, ನಾಲ್ಕೇ ಪುಟ. ಊರಿನ ವರ್ತಮಾನ, ಸರಕಾರದ ನಿರೂಪ, ದೂರ ದೇಶದ ಸುದ್ದಿ, ಕಥೆ, ಹಾಡು ಎಲ್ಲಕ್ಕೂ ಅದರಲ್ಲಿ ಜಾಗ. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು, ಹೆಚ್ಚು ಕಾಲ ಬಾಳಲಿಲ್ಲ. ಆದರೂ ಜುಲೈ 1 ಬಂತೆಂದರೆ ಕರ್ನಾಟಕದ ಪತ್ರಕರ್ತರೆಲ್ಲ ಪತ್ರಿಕಾ ದಿನ ಆಚರಿಸುತ್ತಾರೆ. ಆ ದಿನದ ಭಾಷಣಗಳಲ್ಲಿ ಮೋಗ್ಲಿಂಗನಿಗೆ ಹಾರ ಬೀಳುತ್ತದೆ; ಆ ಕಲ್ಲಿಗೆಂದು ಬರೆದುಕೊಟ್ಟ ಲಿಪಿಕಾರ ಯಾರೆಂದು ಕೇಳಿದವರಿಲ್ಲ.

ಮೋಗ್ಲಿಂಗ್ ಮಾಡಿದ ಇನ್ನೊಂದು ಕೆಲಸ ನನಗೆ ಪತ್ರಿಕೆಗಿಂತ ದೊಡ್ಡದಾಗಿ ಕಾಣುತ್ತದೆ. 1848ರಿಂದ ನಾಲ್ಕೈದು ವರ್ಷ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣದ ಭಾಗಗಳು, ದಾಸರ ಪದಗಳು, ಕನಕದಾಸರ ಹರಿಭಕ್ತಿಸಾರ ಕಲ್ಲಚ್ಚಿನಲ್ಲಿ ಬಂದವು. ಹರಿದಾಸರ ಪದಗಳನ್ನು ಮೊದಲು ಪುಸ್ತಕವಾಗಿ ಅಚ್ಚು ಹಾಕಿಸಿದವನು ಒಬ್ಬ ಲೂಥರನ್ ಪಾದ್ರಿ! ಖರ್ಚು ಕೊಟ್ಟವನು ನೀಲಗಿರಿಯ ಕೇತಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಸುವಾರ್ತೆಗೆಂದು ಯುರೋಪಿನ ವಿಧವೆಯರು ಹುಂಡಿಗೆ ಹಾಕಿದ ಕಾಸಿನಿಂದ ಬಸವಪುರಾಣ ಅಚ್ಚುಮಾಡಲು ಬರುತ್ತದೆಯೇ? ಇದು ಬರಿಯ ಸಾಹಿತ್ಯಪ್ರೀತಿ ಎನ್ನುವಂತಿಲ್ಲ. ಜನರ ಎದೆ ಮುಟ್ಟಬೇಕಾದರೆ ಆ ಎದೆಯಲ್ಲಿ ಆಗಲೇ ಏನಿದೆ ಎಂದು ತಿಳಿಯಬೇಕು, ಹೊಸದಾಗಿ ಬರುವ ಮಿಶನರಿ ಒಳ್ಳೆಯ ಕನ್ನಡ ಕಲಿಯಬೇಕು ಎಂಬ ಲೆಕ್ಕಾಚಾರವೂ ಇತ್ತು. ಲೆಕ್ಕಾಚಾರ ಏನೇ ಇರಲಿ, ತಾಳೆಗರಿಗಳನ್ನು ಹುಡುಕಿ, ಪಾಠ ಹೋಲಿಸಿ, ಕಣ್ಣು ಕೆಂಪಾಗುವ ತನಕ ತಿದ್ದಿದ ಶ್ರಮದಲ್ಲಿ ಪ್ರೀತಿ ಇಣುಕದೆ ಇಲ್ಲ.

1844ರ ಜನವರಿಯಲ್ಲಿ ಊರು ಹೊತ್ತಿ ಉರಿಯಿತು. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದ. ಮಿಶನ್ ಶಾಲೆಗಳು ಬಣಗುಟ್ಟಿದವು, ಮನೆಮನೆಯಲ್ಲಿ ಸಂಕಟ. ಮಗ ಮನೆಯವರಿಗೆ ಸತ್ತವನಿಗೆ ಸಮ. ಆ ತಾಯಂದಿರ ಅಳುವನ್ನು ಮಿಶನ್ ವರದಿಗಳು ಅಡ್ಡಿ ಎಂಬಂತೆ ಬರೆದವು; ಈಗ ಓದುವವನಿಗೆ ಅದನ್ನು ಹಾಗೆ ದಾಟಿಕೊಂಡು ಹೋಗಲು ಆಗುವುದಿಲ್ಲ. ಮೋಗ್ಲಿಂಗ್ ಕೌಂಡಿನ್ಯನನ್ನು 1846ರಲ್ಲಿ ಬಾಸೆಲಿಗೆ ಕರೆದೊಯ್ದ. ಅವನು ಅಲ್ಲಿ ಓದಿ, 1851ರಲ್ಲಿ ಅಭಿಷೇಕಗೊಂಡು, ಯುರೋಪಿನ ಮಿಶನರಿಗಳ ಸಾಲಿನಲ್ಲೇ ಮಿಶನರಿಯಾಗಿ ಮರಳಿದ. 1860ರಲ್ಲಿ ಜರ್ಮನಿಯ ಮರಿ ರೈನ್‌ಹಾರ್ಟ್ ಅವನನ್ನು ಮದುವೆಯಾಗಿ ಮಂಗಳೂರಿಗೆ ಬಂದಳು. ಆ ಕಾಲಕ್ಕೆ ಎರಡೂ ಕಡೆ ಹುಬ್ಬೇರಿಸುವ ಮದುವೆ. ಅವನು ಬಲ್ಮಠದಲ್ಲಿ ಪಾಠ ಹೇಳಿದ, ಅನುವಾದ ಮಾಡಿದ; 1893ರಲ್ಲಿ ತೀರಿಕೊಂಡ.

ಕೌಂಡಿನ್ಯನಿಗೆ ಓದಿತ್ತು, ಆಸ್ತಿಯಿತ್ತು. ಸಭೆಗೆ ಸೇರಿದ ಹೆಚ್ಚಿನವರಿಗೆ ಎರಡೂ ಇರಲಿಲ್ಲ. ಕರಾವಳಿಯಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಹುಮಂದಿ ಬಿಲ್ಲವರು. ಅವರ ಕಸುಬು ಕಳ್ಳು ಮೂರ್ತೆ. ಮಿಶನಿಗೆ ಕಳ್ಳು ಎಂದರೆ ಆಗದು. ಧಣಿಯ ಒಕ್ಕಲಾಗಿದ್ದವನು ಭೂತದ ಕೋಲಕ್ಕೆ ಕಾಣಿಕೆ ಕೊಡುವುದಿಲ್ಲ, ಪ್ರಸಾದ ಮುಟ್ಟುವುದಿಲ್ಲ ಎಂದರೆ ಗದ್ದೆಯೂ ಹೋಯಿತು, ಗುಡಿಸಲೂ ಹೋಯಿತು. ಬಾವಿಗೆ ಬಿಡುವವರಿಲ್ಲ. ಉಪದೇಶ ಕೇಳಿ ಎದೆ ತಿರುಗಿಸಿಕೊಂಡವನು ಮರುದಿನ ಬೆಳಿಗ್ಗೆ ಹೆಂಡತಿ ಮಕ್ಕಳೊಂದಿಗೆ ಮಿಶನ್ ಬಂಗಲೆಯ ಅಂಗಳದಲ್ಲಿ ನಿಂತಿರುತ್ತಿದ್ದ: ಅಯ್ಯನವರೇ, ಇನ್ನು ಉಣ್ಣುವುದೇನು?

ಪ್ರಶ್ನೆಗೆ ವೇದಶಾಸ್ತ್ರದಲ್ಲಿ ಉತ್ತರ ಇರಲಿಲ್ಲ. ಕೃಷಿಗೆ ಕೈ ಹಾಕಿದರು, ಕೈ ಸುಟ್ಟುಕೊಂಡರು. ಗಡಿಯಾರ ರಿಪೇರಿ, ಬಡಗಿ ಕೆಲಸ, ಪುಸ್ತಕ ಕಟ್ಟುವುದು ಎಂದು ಒಂದೊಂದನ್ನೂ ಪ್ರಯತ್ನಿಸಿದರು. ಮಗ್ಗ ಸ್ವಲ್ಪ ಕೈಹಿಡಿಯಿತು. 1851ರಲ್ಲಿ ನೇಕಾರಿಕೆ ಬಲ್ಲ ಯೋಹಾನ್ ಹಾಲರ್ ಬಂದ ಮೇಲೆ ಬಲ್ಮಠದ ನೇಯ್ಗೆಶಾಲೆಯ ಬಟ್ಟೆಗೆ ಹೆಸರು ಬಂತು. ಖಾಕಿ ಬಣ್ಣ ಹುಟ್ಟಿದ್ದೇ ಇಲ್ಲಿ ಎಂದು ಮಂಗಳೂರಿನವರು ಹೇಳಿಕೊಳ್ಳುವುದುಂಟು. ಇಲ್ಲಿಯ ಮಗ್ಗದಲ್ಲಿ ಖಾಕಿ ನೇಯ್ದದ್ದು ನಿಜ. ಪಂಜಾಬಿನ ಕಡೆಯ ಗೈಡ್ಸ್ ದಳದವರು ಅದಕ್ಕೂ ಮೊದಲೇ ಮಣ್ಣುಬಣ್ಣದ ಅಂಗಿ ತೊಟ್ಟಿದ್ದರು. ಊರಿನ ಅಭಿಮಾನದ ಜತೆ ಜಗಳ ಬೇಡ.

ನಿಜವಾಗಿ ಹೊಟ್ಟೆ ತುಂಬಿಸಿದ್ದು ಮಣ್ಣು. ಗೇಯೋರ್ಗ್ ಪ್ಲೆಬ್ಸ್ಟ್ ಎಂಬ ಯಂತ್ರಜ್ಞ 1851ರಲ್ಲಿ ಬಂದದ್ದು ಮುದ್ರಣಾಲಯಕ್ಕೆ. ಬಾಸೆಲಿನಲ್ಲಿ ಎರಕ ಹೊಯ್ದ ಕನ್ನಡದ ಮೊಳೆಗಳು ಆ ಸುಮಾರಿಗೆ ಬಂದವು. ಕಲ್ಲಚ್ಚು ಹಿಂದೆ ಸರಿದು ಮೊಳೆಯಚ್ಚು ಮುಂದೆ ಬಂತು. ಇದೇ ಪ್ಲೆಬ್ಸ್ಟನ ಕಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ ಅಂಟುಮಣ್ಣಿನ ಮೇಲೆ ಬಿತ್ತು. ಯುರೋಪಿನಲ್ಲಿ ಆಗಷ್ಟೇ ಬಳಕೆಗೆ ಬಂದಿದ್ದ, ಒಂದರೊಳಗೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚನ್ನು ಈ ಮಣ್ಣಿನಲ್ಲಿ ಮಾಡಬಹುದಲ್ಲ ಎಂದು 1865ರಲ್ಲಿ ಜೆಪ್ಪುವಿನಲ್ಲಿ ಗೂಡು ಹಾಕಿದ. ಮಣ್ಣು ಅರೆಯಲಿಕ್ಕೆ ಗಾಣದಂತೆ ಸುತ್ತುವ ಎತ್ತುಗಳು, ಕೆಲವೇ ಆಳುಗಳು, ತಿರುಪಿನ ಪ್ರೆಸ್ಸು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು: ಅಚ್ಚು. ಅಕ್ಷರಕ್ಕೂ ಅಚ್ಚು, ಹಂಚಿಗೂ ಅಚ್ಚು. ಎರಡೂ ಒಬ್ಬನ ಕೈಯಲ್ಲೇ ಪಳಗಿದವು.

ಹಂಚಿನ ಕೆಲಸ ಸುಲಭದ್ದಲ್ಲ. ಹೊಳೆಯಿಂದ ದೋಣಿಯಲ್ಲಿ ತಂದ ಮಣ್ಣನ್ನು ರಾಶಿ ಹಾಕಿ ಮಾಗಲು ಬಿಡಬೇಕು. ನೀರು ಹಾಕಿ, ಕಲ್ಲುಬೇರು ತೆಗೆದು, ಹದಕ್ಕೆ ಬರುವ ತನಕ ಅರೆಯಬೇಕು. ಅಚ್ಚಿಗೊತ್ತಿದ ಹಸಿ ಹಂಚನ್ನು ನೆರಳಿನಲ್ಲಿ, ಮರದ ಚೌಕಟ್ಟಿನ ಮೇಲೆ ದಿನಗಟ್ಟಲೆ ಒಣಗಿಸಬೇಕು. ಬಿಸಿಲು ತಾಗಿದರೆ ಡೊಂಕು. ಆಮೇಲೆ ಗೂಡು, ಹಗಲು ರಾತ್ರಿ ಬೆಂಕಿ. ಬೆಂದದ್ದನ್ನು ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಪಾಸು, ದೊಬ್ ಎಂದರೆ ಬಿರುಕು. ಮುಳಿಹುಲ್ಲಿನ ಮಾಡು ವರ್ಷಕ್ಕೊಮ್ಮೆ ಹೊದಿಸಬೇಕಿದ್ದ, ಬೆಂಕಿಗೆ ಹೆದರಬೇಕಿದ್ದ ಊರಿಗೆ ಇದು ದೊಡ್ಡ ಬಿಡುಗಡೆ. ಊರಿನ ಕಥೋಲಿಕ ಮನೆತನಗಳೂ ಬೇಗನೆ ಕಾರ್ಖಾನೆ ಹಾಕಿದವು. ಮಂಗಳೂರು ಹಂಚು ಹಡಗು ಹತ್ತಿ ದೂರದೂರಕ್ಕೆ ಹೋಯಿತು.

ಕಾರ್ಖಾನೆಯೊಳಗೆ ಇನ್ನೊಂದು ಕೆಲಸವೂ ನಡೆಯಿತು. ನೆರಳು ತಾಗಬಾರದೆಂದು ದೂರ ನಿಂತಿದ್ದವರು ಒಂದೇ ಹಸಿ ಹಂಚಿನ ಎರಡು ತುದಿ ಹಿಡಿದು ನಡೆದರು. ಸಭೆಯೊಳಗೆ ಜಾತಿ ಇಟ್ಟುಕೊಳ್ಳಬಾರದೆಂಬ ವಿಷಯದಲ್ಲಿ ಬಾಸೆಲಿನವರು ಗಟ್ಟಿ. ಕರ್ತನ ರಾತ್ರಿಭೋಜನದಲ್ಲಿ ಎಲ್ಲರೂ ಕುಡಿಯುವುದು ಒಂದೇ ಬಟ್ಟಲಿನಿಂದ. ಮದುವೆಯ ಮಾತು ಬಂದಾಗ ಹಳೆ ಲೆಕ್ಕ ಮರಳಿ ಬರುತ್ತಿತ್ತೆಂಬುದನ್ನೂ ಹೇಳಬೇಕು. ಬಟ್ಟಲು ಒಂದಾದಷ್ಟು ಬೇಗ ಬೀಗಸ್ತನ ಆಗಲಿಲ್ಲ.

ಇನ್ನೂ ಒಂದು ಮಾತನ್ನು ಸ್ಮರಣ ಸಂಚಿಕೆಗಳು ನುಂಗಿಕೊಳ್ಳುತ್ತವೆ. ಮಿಶನ್ ವಠಾರದಲ್ಲಿ ಪಾದ್ರಿ, ಮನೆಯೊಡೆಯ, ಶಾಲೆಯ ಮೇಲಧಿಕಾರಿ, ಸಂಬಳ ಕೊಡುವ ಧಣಿ ಎಲ್ಲರೂ ಒಂದೇ ಕಡೆಯವರು. ಭಾನುವಾರ ಆರಾಧನೆ ತಪ್ಪಿಸಿದ, ಕುಡಿದು ಸಿಕ್ಕಿಬಿದ್ದ, ಮನೆಯಲ್ಲಿ ಜಗಳವಾಡಿದ ಸುದ್ದಿ ಸೋಮವಾರ ಕಾರ್ಖಾನೆಗೂ ತಲುಪುತ್ತಿತ್ತು. ಹಳೆ ಧಣಿಯ ಜಾಗಕ್ಕೆ ಹೊಸ ಧಣಿ ಬಂದರೆ ಬಿಡುಗಡೆ ಎಷ್ಟಾಯಿತು? ವ್ಯಾಪಾರ ಮತ್ತು ಸುವಾರ್ತೆ ಒಂದೇ ಗಾಡಿಗೆ ಕಟ್ಟಬಹುದೇ ಎಂಬ ತಗಾದೆ ಬಾಸೆಲಿನವರಿಗೂ ಇತ್ತು. 1859ರಲ್ಲಿ ವ್ಯಾಪಾರಕ್ಕೆ ಬೇರೆ ಕಂಪನಿ ಕಟ್ಟಿದ್ದು ಭಾಗಶಃ ಆ ಇರುಸುಮುರುಸಿನಿಂದ. ಹಾಗೆಂದು ದೂರ ಕುಳಿತು ತೀರ್ಪು ಕೊಡುವುದು ಸುಲಭ. ಗದ್ದೆ ಕಳೆದುಕೊಂಡು ಅಂಗಳದಲ್ಲಿ ನಿಂತವನಿಗೆ ತಿಂಗಳ ಸಂಬಳ, ಓದು ಬಲ್ಲ ಮಗಳು, ಸೋರದ ಮಾಡು ಸಣ್ಣ ಸಂಗತಿಗಳಲ್ಲ.

ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದ. ಉತ್ತರ ಜರ್ಮನಿಯ ಸಮುದ್ರತೀರದವನು, ಧಾರವಾಡ ಹುಬ್ಬಳ್ಳಿ ಕಡೆ ಕಾಲ್ನಡಿಗೆಯಲ್ಲಿ ಸುತ್ತಿದವನು. ಮಿಶನಿನ ಮೇಲಿನವರಿಗೆ ಅವನ ರೀತಿ ಯಾವಾಗಲೂ ಹಿಡಿಸಲಿಲ್ಲ. ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ 1862ರಲ್ಲಿ ಬಂತು. ಯಾಕೆ ಬೇಕಾಯಿತು ಅದು? ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡದ ಮಾತು ತುಂಬಿ ಹಾಡುತ್ತಿದ್ದರು. ರಾಗ ಎಳೆಯುವಲ್ಲಿ ಕನ್ನಡದ ಹ್ರಸ್ವ, ರಾಗ ಓಡುವಲ್ಲಿ ಕನ್ನಡದ ದೀರ್ಘ; ಆದಿಪ್ರಾಸಕ್ಕೆ ಒಗ್ಗಿದ ಕಿವಿಗೆ ಸಾಲಿನ ಕೊನೆಯಲ್ಲಿ ಪ್ರಾಸ. ಈ ಮುಜುಗರವೇ ಅವನನ್ನು ಛಂದಸ್ಸಿಗೆ ತಂದು ನಿಲ್ಲಿಸಿರಬೇಕು ಎಂದು ನನ್ನ ಊಹೆ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, ಕಡೆಗೆ 1894ರಲ್ಲಿ ಮಂಗಳೂರಿನ ಮಿಶನ್ ಪ್ರೆಸ್ಸಿನಿಂದ ನಿಘಂಟು. ಸುಮಾರು 70,000 ಶಬ್ದಗಳು. ಒಂದು ಶಬ್ದ ತೆಗೆದರೆ ಅರ್ಥದ ಜತೆಗೆ ಗಾದೆ, ಹಳೆಯ ಕಾವ್ಯದ ಪ್ರಯೋಗ, ತುಳು ತಮಿಳು ಮಲಯಾಳ ತೆಲುಗುಗಳ ಅಣ್ಣತಮ್ಮ ರೂಪ. ಮುಖಪುಟದ ಮೇಲೆ ಒಂದೇ ಹೆಸರು. ಶಬ್ದ ಹೇಳಿಕೊಟ್ಟ ಮುನ್ಷಿಗಳು, ಸಂತೆಯ ಹೆಂಗಸರು, ಕಣ್ಣಿಗೆ ಕಾಣದಷ್ಟು ಸಣ್ಣ ಮೊಳೆಗಳನ್ನು ನಾಲ್ಕೈದು ಲಿಪಿಗಳಲ್ಲಿ ತಪ್ಪಿಲ್ಲದೆ ಜೋಡಿಸಿದ ಬಲ್ಮಠದ ಮೊಳೆಗಾರರು ಅದರ ಹಿಂದೆ ನಿಂತಿದ್ದಾರೆ. ಆ ಮೊಳೆಗಾರರಲ್ಲಿ ಕೆಲವರ ಅಜ್ಜಂದಿರು ಓದು ಬರಹ ಮುಟ್ಟಲೂ ಬಾರದಿದ್ದವರು.

1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಜರ್ಮನ್ ಮಿಶನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಬಂಧನಕ್ಕೆ ಹೋದರು, ಆಮೇಲೆ ದೇಶ ಬಿಟ್ಟರು. ಹಂಚಿನ ಕಾರ್ಖಾನೆ, ಮಗ್ಗ, ವ್ಯಾಪಾರ ಎಲ್ಲ ಮುಟ್ಟುಗೋಲಾಗಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಯಿತು. ಮಿಶನ್ ಇತಿಹಾಸದಲ್ಲಿ ಇದನ್ನು ದುರಂತದ ಅಧ್ಯಾಯ ಎನ್ನುತ್ತಾರೆ. ಸಭೆಯ ಕಡೆಯಿಂದ ನೋಡಿದರೆ ಹಾಗೆ ಕಾಣುವುದಿಲ್ಲ. ಎಂಬತ್ತು ವರ್ಷ ‘ಇನ್ನೂ ಪಕ್ವವಾಗಿಲ್ಲ’ ಎಂದು ಕಾಯಿಸಿದ್ದ ಊರಿನ ಉಪದೇಶಿಗಳ, ಸಭಾಪಾಲಕರ ಕೈಗೆ ಬೀಗದ ಕೈ ಬಂದದ್ದು ಆಗ. ಯಾರೂ ಕೊಟ್ಟು ಬಂದದ್ದಲ್ಲ, ಬಿಟ್ಟು ಹೋದದ್ದರಿಂದ ಬಂದದ್ದು. ಸ್ವಿಸ್ ಮಿಶನರಿಗಳು ಆಮೇಲೆ ಮರಳಿದರೂ ಹಿಂದಿನ ದರ್ಬಾರು ಮರಳಲಿಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಹುಟ್ಟಿತು, ಆಂಗ್ಲಿಕನ್ನರು, ಮೆಥಡಿಸ್ಟರು, ಇತರರು ತಮ್ಮ ತಮ್ಮ ಬೇಲಿ ತೆಗೆದು ಸೇರಿದ ಸಭೆ. ಬಿಷಪರೇ ಇಲ್ಲದ ಪದ್ಧತಿಯಲ್ಲಿ ಬೆಳೆದ ಕರಾವಳಿಯ ಬಾಸೆಲ್ ಸಭೆಗಳಿಗೂ ಈಗ ಬಿಷಪರಿದ್ದಾರೆ. ಬಲ್ಮಠದ ಹಳೆಯ ಸೆಮಿನರಿ 1965ರಲ್ಲಿ ತುಮಕೂರಿನ ಸೆಮಿನರಿಯೊಂದಿಗೆ ಕೂಡಿ ಕರ್ನಾಟಕ ಥಿಯಾಲಜಿಕಲ್ ಕಾಲೇಜ್ ಆಯಿತು. ಹಂಚಿನ ಗೂಡುಗಳ ಚಿಮಣಿಗಳಲ್ಲಿ ಹೆಚ್ಚಿನವು ಹೊಗೆ ಬಿಡುವುದನ್ನು ನಿಲ್ಲಿಸಿವೆ. ಈಗಿನ ಮನೆಗಳಿಗೆ ಕಾಂಕ್ರೀಟಿನ ತಾರಸಿ, ಅದರ ಮೇಲೆ ಮಳೆಗೆ ತಗಡು.

ಬೆಳೆ ಹಬ್ಬದ ದಿನ ಯಾವುದಾದರೂ ಹಳೆಯ ಸಭೆಗೆ ಹೋಗಿ ನೋಡಬೇಕು. ಹಂಚಿನ ಮಾಡಿನಡಿ ನಾಲ್ಕು ಸ್ವರದಲ್ಲಿ ಹಾಡು, ಒಂದು ಕನ್ನಡದಲ್ಲಿ, ಇನ್ನೊಂದು ತುಳುವಿನಲ್ಲಿ. ವೇದಿಯ ಮುಂದೆ ಬಾಳೆಗೊನೆ, ತೆಂಗಿನಕಾಯಿ, ಊರಿನ ಕೋಳಿ, ಮನೆಯ ಹಿತ್ತಿಲ ತೊಂಡೆ, ಯಾರೋ ಅಜ್ಜಿ ಮಾಡಿ ತಂದ ಹಲಸಿನ ಹಪ್ಪಳದ ಕಟ್ಟು. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಏಲಂ. ಏಲಂ ಕೂಗುವವನಿಗೆ ಗಂಟಲೂ ಬೇಕು, ನಾಲಿಗೆಯೂ ಬೇಕು. ಕಳೆದ ಸಲ ನಾನು ಹೋದಾಗ ಮಧ್ಯಮ ಗಾತ್ರದ ಒಂದು ಚೀನಿಕಾಯಿ ಇನ್ನೂರಕ್ಕೆ ಹೋಯಿತು. ಕೊಂಡವರು ಹಣ ಕೊಟ್ಟು, ಕಾಯಿಯನ್ನು ಅಲ್ಲಿಯೇ ಮೇಜಿನ ಮೇಲೆ ಮರಳಿ ಇಟ್ಟರು: ಸಭೆಗೇ ಇರಲಿ, ಪುನಃ ಕೂಗಿ. ಎರಡನೇ ಸಲ ನಾನೂರು. ಆ ಕೊಂಡವರೂ ಹಾಗೆಯೇ ಇಟ್ಟುಹೋದರು. ಮೂರನೇ ಸಲ ಕೂಗುವಾಗ ಹಿಂದಿನ ಸಾಲಿನ ಹೆಂಗಸೊಬ್ಬರು ಗೊಣಗಿದರು: ‘ಇಷ್ಟರೊಳಗೆ ಸಾಂಬಾರು ಕುದಿದಿರುತ್ತಿತ್ತು ಮಾರಾಯ್ರೆ, ಯಾರಾದರೂ ಮನೆಗೆ ತೆಗೆದುಕೊಂಡು ಹೋಗಿ.’